ಬಾಗಿಲ ಮೇಲಿನ ನೀಲಿ ಕಾಗದ

“ಅಲ್ಲಿಯ ಜನಕ್ಕೆ ಕುಡಿಯೋದು ಗೊತ್ತದ ರೀ. ನಮ್ಮ ಮಂದಿಗೆ ಗೊತ್ತಿಲ್ಲ.”

ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಈಚೆಗೆ ರಾಯಚೂರಿನಲ್ಲಿ ನಮ್ಮ ಬಳಗದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಮತ್ತೊಮ್ಮೆ ಕೇಳಿದೆ. ಹೇಳಿದವರು ವಿದೇಶ ಸುತ್ತಿ ಬಂದ ದೊಡ್ಡ ಮನುಷ್ಯರು. ಇಂಗ್ಲೆಂಡಿನ ಪಬ್ಬುಗಳಲ್ಲಿ ಹೆಂಗಸರು, ಮುದುಕರು, ನಾಯಿಮರಿ ಸಮೇತ ಎಲ್ಲರೂ ಕುಳಿತು ಶಾಂತವಾಗಿ ಕುಡಿದು ಎದ್ದು ಹೋಗುತ್ತಾರೆಂದೂ, ಅದು ಅವರ ‘ಕಲ್ಚರ್’ ಎಂದೂ, ನಮ್ಮವರದು ಬರೀ ಮೃಗಗಳ ಕುಡಿತವೆಂದೂ ಅವರು ವರ್ಣಿಸುತ್ತಿದ್ದರು. ಸುತ್ತಲಿನವರು ಹೂಂಗುಟ್ಟುತ್ತಿದ್ದರು. ಹೋಳಿಗೆ ಬಡಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಮದುವೆ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಾದೆ. ಅಲ್ಲಿ ಆಡದೆ ನುಂಗಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಯಾಕೆಂದರೆ ಆ ಪಬ್ಬನ್ನು ನಾನೂ ನೋಡಿ ಬಂದವಳು.

ನಾನು ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯಲ್ಲಿ. ಹೆಸರು ಕೇಳಿದರೆ ಈಗಿನ ಮಕ್ಕಳು ಕಿಸಕ್ಕೆಂದು ನಗುತ್ತಾರೆ. ನಗಲಿ ಬಿಡಿ, ಕಂಪ್ಯೂಟರಿನ ಗೂಗಲ್ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲೇ ಕೃಷ್ಣೆಯ ದಂಡೆಯಲ್ಲಿ ನಮ್ಮ ಗೂಗಲ್ ಇತ್ತು, ಅಲ್ಲಮಪ್ರಭುವಿನ ಗುಡಿಯಿತ್ತು. ಮದುವೆಯಾಗಿ ರಾಯಚೂರಿಗೆ ಬಂದೆ, ಶಾಲೆಯಲ್ಲಿ ಮಾಸ್ತರಿಕೆ ಮಾಡಿದೆ, ನಿವೃತ್ತಳಾದೆ. ಮಗಳು ಇಂಗ್ಲೆಂಡಿನ ಬ್ರೈಟನ್ ಎಂಬ ಸಮುದ್ರದಂಡೆಯ ಊರಿನಲ್ಲಿ ಕೆಲಸ ಹಿಡಿದಳು. 2016ರ ಬೇಸಿಗೆಯಲ್ಲಿ ಅವಳ ಬಾಣಂತನಕ್ಕೆಂದು ಹೋಗಿದ್ದೆ. ಹೋಗುವಾಗ ಜೋಳದ ಹಿಟ್ಟು, ಶೇಂಗಾ ಹಿಂಡಿ, ಅಂಟಿನುಂಡಿ ಹೊತ್ತುಕೊಂಡು ಹೋದವಳು ಪಬ್ಬಿನ ಮೆಟ್ಟಿಲು ಹತ್ತುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಅವ್ವಾ, ನಾಳೆ ನಿನ್ನ ಲೂಯಿಸ್ ಊರಿಗೆ ಕರಕೊಂಡು ಹೋಗ್ತೀನಿ. ಅಲ್ಲೆ ಒಂದು ಹಳೇ ಪಬ್ ಅದ, ನೋಡೂಣು” ಎಂದಳು ಮಗಳು.

“ಏನು ಹುಡುಗಾಟ ಹಚ್ಚೀಯವ್ವಾ? ಊರಾಗ ಗೊತ್ತಾದ್ರ ಏನಂದಾರು?”

“ಊರು ಇಲ್ಲೆಲ್ಲಿ ಅದ? ಬಾ, ನಿನಗೇನು ಕುಡಿಸೂದಿಲ್ಲ.”

ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೊರಟೆವು. ಬ್ರೈಟನ್ನಿನಿಂದ ಲೂಯಿಸ್‌ಗೆ ರೈಲಿನಲ್ಲಿ ಕಾಲು ಗಂಟೆಯ ದಾರಿ. ಗುಡ್ಡದ ಮೇಲೊಂದು ಹಳೆಯ ಕೋಟೆ, ಕೆಳಗೆ ಊಸ್ ಎಂಬ ಸಣ್ಣ ನದಿ, ನದಿಯ ದಂಡೆಯಲ್ಲಿ 1790ರಿಂದ ನಡೆದು ಬಂದ ಹಾರ್ವೀಸ್ ಎಂಬ ಬಿಯರ್ ಭಟ್ಟಿ. ಮೊಳಕೆ ಬಂದ ಕಾಳನ್ನು ಬೇಯಿಸಿದಾಗ ಏಳುವಂಥ ವಾಸನೆ ಓಣಿಯಲ್ಲೆಲ್ಲ ಹರಡಿತ್ತು. ಕೋಟೆಯ ಬುಡದಲ್ಲಿ ಲೂಯಿಸ್ ಆರ್ಮ್ಸ್ ಎಂಬ ಆ ಪಬ್ಬು.

ಒಳಗೆ ಕಾಲಿಡುವಾಗ ಸೆರಗು ತಲೆಯ ಮೇಲೆ ಎಳೆದುಕೊಂಡೆ, ನಿಜ. ಆದರೆ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ನಮ್ಮ ಹಳ್ಳಿಯ ಮನೆಗಳ ಹಾಗೆ ಸಣ್ಣ ಸಣ್ಣ ಕೋಣೆಗಳು. ನನಗಿಂತ ಹಿರಿಯಳಾದ ಹೆಂಗಸೊಬ್ಬಳು ಅರ್ಧ ಪಿಂಟಿನ ಗ್ಲಾಸು ಮುಂದಿಟ್ಟುಕೊಂಡು ಪತ್ರಿಕೆ ಓದುತ್ತಿದ್ದಳು. ಕಾಲ ಬಳಿ ನಾಯಿ ಮಲಗಿತ್ತು. ಹಾಡಿಲ್ಲ, ಟೀವಿಯ ಗದ್ದಲವಿಲ್ಲ, ಬರೀ ಮಾತು. ಮಗಳು ನನಗೆ ಕಿತ್ತಳೆ ರಸ ತಂದುಕೊಟ್ಟಳು.

ಅಲ್ಲಿ ಮಾರುವುದು ‘ರಿಯಲ್ ಏಲ್’ ಎಂಬ ಬಗೆಯ ಬಿಯರ್. ಅದೇನೆಂದು ಅಡುಗೆಮನೆ ಬಲ್ಲ ನಮಗೆ ಹೇಳುವುದು ಸುಲಭ. ದೋಸೆಹಿಟ್ಟು ಹೇಗೆ ರಾತ್ರಿಯೆಲ್ಲ ತನ್ನಷ್ಟಕ್ಕೆ ಹುದುಗಿ ಉಬ್ಬುತ್ತದೋ ಹಾಗೆ ಈ ಬಿಯರ್ ಭಟ್ಟಿಯಿಂದ ಪಬ್ಬಿಗೆ ಬಂದ ಮೇಲೂ ಪೀಪಾಯಿಯೊಳಗೆ ಹುದುಗುತ್ತಲೇ ಇರುತ್ತದೆ. ಅದನ್ನು ಕಾಯಿಸಿ ಕೊಂದಿರುವುದಿಲ್ಲ, ಸೋಸಿರುವುದಿಲ್ಲ, ಗ್ಯಾಸು ತುಂಬಿರುವುದಿಲ್ಲ. ನೆಲಮಾಳಿಗೆಯಲ್ಲಿ ಹನ್ನೆರಡು ಡಿಗ್ರಿಯ ಆಸುಪಾಸಿನ ತಂಪಿನಲ್ಲಿಟ್ಟು, ಮೇಲಿನಿಂದ ಕೈಪಂಪು ಜಗ್ಗಿ ಗ್ಲಾಸಿಗೆ ಇಳಿಸುತ್ತಾರೆ. ಪೀಪಾಯಿ ತೆರೆದ ಮೇಲೆ ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು, ಇಲ್ಲವಾದರೆ ಹುಳಿಯಾಗುತ್ತದೆ. ಪಿಂಟಿನ ಗ್ಲಾಸಿನ ಮೇಲೆ ಸರಕಾರದ ಅಳತೆಯ ಮುದ್ರೆಯಿರುತ್ತದೆ. 568 ಮಿಲಿಲೀಟರ್ ಎಂದರೆ ಅಷ್ಟೇ, ಕೊಸರಾಟವಿಲ್ಲ.

ಕುಡಿದೆಯಾ ಎಂದು ಕೇಳುತ್ತೀರಿ, ಗೊತ್ತು. ಒಂದು ಗುಟುಕು ನಾಲಿಗೆಗೆ ಹಚ್ಚಿ ನೋಡಿದೆ. ಹಾಗಲಕಾಯಿ ತೊಳೆದ ನೀರಿನ ಹಾಗಿತ್ತು. ಇದಕ್ಕಾಗಿ ಜನ ಮನೆ ಮಾರುವುದುಂಟೇ ಎನಿಸಿತು. ಇರಲಿ.

ಇಷ್ಟೇ ನೋಡಿ ಬಂದಿದ್ದರೆ ನಾನೂ ಆ ದೊಡ್ಡ ಮನುಷ್ಯರ ಹಾಗೆ ‘ಅವರಿಗೆ ಕುಡಿಯೋದು ಗೊತ್ತದ’ ಎಂದು ಬಿಡುತ್ತಿದ್ದೆನೇನೋ. ಆದರೆ ಮಗಳು ಆ ಪಬ್ಬಿನ ಕಥೆ ಹೇಳಿದಳು. 2006ರ ಡಿಸೆಂಬರಿನಲ್ಲಿ ಆಗ ಪಬ್ಬಿನ ಒಡೆತನ ಹೊಂದಿದ್ದ ಗ್ರೀನ್ ಕಿಂಗ್ ಎಂಬ ದೊಡ್ಡ ಕಂಪನಿ, ಊರಿನದೇ ಆದ ಹಾರ್ವೀಸ್ ಬಿಯರನ್ನು ಅಲ್ಲಿ ಮಾರುವುದನ್ನು ನಿಲ್ಲಿಸಿತು. ತನ್ನ ಮಾಲು ಕುಡಿಯಿರಿ ಎಂದಿತು. ಊರವರು ಕುಡಿಯಲಿಲ್ಲ. ಬಾಗಿಲಲ್ಲಿ ನಿಂತರು, ಬಂದವರಿಗೆ ತಿಳಿಸಿ ಹೇಳಿ ತಿರುಗಿಸಿ ಕಳಿಸಿದರು. ಚಳಿ, ಮಳೆಯಲ್ಲಿ 133 ದಿನ ತಮ್ಮ ಪ್ರೀತಿಯ ಪಬ್ಬನ್ನು ತಾವೇ ಬಹಿಷ್ಕರಿಸಿದರು. 2007ರ ಏಪ್ರಿಲಿನಲ್ಲಿ ಕಂಪನಿ ಮಣಿಯಿತು, ಹಾರ್ವೀಸ್ ಹಿಂದಕ್ಕೆ ಬಂತು. ಊರಿನ ಬಿಯರ್ ಎಂಬ ಒಂದೇ ಕಾರಣಕ್ಕೆ! ಆ ಹೋರಾಟಗಾರರ ಮೇಲೆ ಯಾರೂ ಲಾಠಿ ಬೀಸಲಿಲ್ಲ. ‘ನಿಮಗೇನು ಬೇರೆ ಕೆಲಸವಿಲ್ಲವೇ’ ಎಂದು ಮನೆಗೆ ಅಟ್ಟಲಿಲ್ಲ. ಪತ್ರಿಕೆಗಳು ಮೆಚ್ಚಿ ಬರೆದವು.

ರಿಯಲ್ ಏಲ್ ಉಳಿದದ್ದೂ ಇಂಥದೇ ಹಟದಿಂದ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ದೊಡ್ಡ ಕಂಪನಿಗಳು ಸಣ್ಣ ಭಟ್ಟಿಗಳನ್ನು ನುಂಗಿ, ಕಾಯಿಸಿ ಗ್ಯಾಸು ತುಂಬಿದ ಒಂದೇ ರುಚಿಯ ಬಿಯರನ್ನು ದೇಶವೆಲ್ಲ ಹಂಚತೊಡಗಿದವು. 1971ರಲ್ಲಿ ನಾಲ್ವರು ಗೆಳೆಯರು ಸೇರಿ ‘ಕ್ಯಾಮ್ರಾ’ ಎಂಬ ಸಂಘ ಕಟ್ಟಿದರು. ಕುಡಿಯುವವರ ಬಳಕೆದಾರ ಸಂಘ ಎನ್ನಿ. ಅದರ ಸದಸ್ಯರ ಸಂಖ್ಯೆ ಮುಂದೆ ಲಕ್ಷ ದಾಟಿತು.

ಇನ್ನು ಅಲ್ಲಿ ನಿರ್ಭಯವಾಗಿ ಪತ್ರಿಕೆ ಓದುತ್ತಿದ್ದ ಆ ಅಜ್ಜಿಯ ಮಾತು. ಅವಳ ಕುರ್ಚಿಯೂ ಆಕಾಶದಿಂದ ಬಿದ್ದದ್ದಲ್ಲ. ಹಿಂದೆ, ನಾಲ್ಕೈದು ಶತಮಾನಗಳಾಚೆ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಏಲ್ ಮಾಡುತ್ತಿದ್ದವರು ಬಹುಪಾಲು ಹೆಂಗಸರೇ. ಮನೆಯ ಒಲೆಯ ಮೇಲೆ ಮಾಡಿ, ಮಿಕ್ಕಿದ್ದನ್ನು ನೆರೆಹೊರೆಗೆ ಮಾರಿ ಉಪ್ಪು ಎಣ್ಣೆಗೆ ದಾರಿ ಮಾಡಿಕೊಳ್ಳುತ್ತಿದ್ದರು. ಅದರಲ್ಲಿ ದೊಡ್ಡ ದುಡ್ಡು ಕಂಡೊಡನೆ ಗಂಡಸರು ಬಂದು ಭಟ್ಟಿ ಹಿಡಿದರು. ಆಮೇಲೆ ಹೆಂಗಸು ಪಬ್ಬಿಗೆ ಬರುವುದೇ ಮರ್ಯಾದೆಗೇಡಾಯಿತು. ಬಂದರೂ ಮಸುಕು ಗಾಜಿನ ಹಿಂದಿನ ಗೂಡಿನಂಥ ಕೋಣೆಯಲ್ಲಿ ಕೂರಬೇಕು. ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಎಲ್ ವಿನೋ ಎಂಬ ಪ್ರಸಿದ್ಧ ಮದ್ಯದಂಗಡಿಯಲ್ಲಿ ಹೆಂಗಸರು ಕೌಂಟರಿನ ಮುಂದೆ ನಿಲ್ಲುವಂತೆಯೇ ಇರಲಿಲ್ಲ, ಹಿಂದಿನ ಕೋಣೆಗೆ ಹೋಗಿ ಕೂರಬೇಕಿತ್ತು. ಟೆಸ್ ಗಿಲ್ ಎಂಬ ವಕೀಲೆ, ಆನಾ ಕೂಟ್ ಎಂಬ ಪತ್ರಕರ್ತೆ ಇಬ್ಬರೂ ಕೋರ್ಟಿಗೆ ಹೋದರು. ಅವರು ಗೆದ್ದದ್ದು 1982ರಲ್ಲಿ. ನೆನಪಿಡಿ, ಆ ದೊಡ್ಡ ಮನುಷ್ಯರು ‘ಸಾವಿರ ವರ್ಷದ ಕಲ್ಚರ್’ ಎಂದು ಕೊಂಡಾಡಿದರಲ್ಲ, ಅದರಲ್ಲಿ ಹೆಂಗಸು ಕೌಂಟರಿನ ಮುಂದೆ ನಿಲ್ಲುವ ಹಕ್ಕಿಗೆ ಇನ್ನೂ ಐವತ್ತು ವರ್ಷವೂ ತುಂಬಿಲ್ಲ.

ಹಾಗೆಂದು ಇಂಗ್ಲೆಂಡು ಸ್ವರ್ಗವೇ? ಅಲ್ಲ. ಶುಕ್ರವಾರ ರಾತ್ರಿ ಬ್ರೈಟನ್ನಿನ ರೈಲು ನಿಲ್ದಾಣದ ಹತ್ತಿರ ಒಡೆದ ಗಾಜು, ವಾಂತಿ, ಬೈಗುಳ ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. 1751ರಲ್ಲಿ ಹೊಗಾರ್ತ್ ಎಂಬ ಕಲಾವಿದ ‘ಜಿನ್ ಲೇನ್’ ಎಂಬ ಚಿತ್ರ ಕೊರೆದ. ಅಗ್ಗದ ಜಿನ್ ಸಾರಾಯಿ ಕುಡಿದು ಮೈಮರೆತ ತಾಯಿಯ ಮಡಿಲಿನಿಂದ ಕೂಸು ಜಾರಿ ಬೀಳುತ್ತಿರುವ ಚಿತ್ರ. ನಮ್ಮ ಯಾವ ಸಾರಾಯಿ ಅಂಗಡಿಗೂ ಕಡಿಮೆಯಿಲ್ಲದ ಘೋರ. ಅದೇ ಜನ, ಅದೇ ರಕ್ತ. ಹಾಗಾದರೆ ನಡುವೆ ಬದಲಾದದ್ದು ಏನು?

ಉತ್ತರ ಸಿಕ್ಕಿದ್ದು ಪಬ್ಬಿನ ಒಳಗಲ್ಲ, ಹೊರಗೆ. ಹಿಂದಿರುಗುವ ದಾರಿಯಲ್ಲಿ ಒಂದು ಸಣ್ಣ ಅಂಗಡಿಯ ಬಾಗಿಲಿಗೆ ತಿಳಿನೀಲಿ ಬಣ್ಣದ ಕಾಗದ ಅಂಟಿಸಿದ್ದರು. ಸತ್ತವರ ಸುದ್ದಿಯೇನೋ ಎಂದುಕೊಂಡು ಮಗಳನ್ನು ಕೇಳಿದೆ. ಅವಳು ಓದಿ ಹೇಳಿದಳು. ಈ ಅಂಗಡಿಯವನು ಮದ್ಯ ಮಾರಲು ಪರವಾನಗಿ ಕೇಳಿದ್ದಾನೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಮಾರುತ್ತಾನಂತೆ, ತಕರಾರು ಇದ್ದವರು ಈ ತಾರೀಖಿನೊಳಗೆ ನಗರಸಭೆಗೆ ಬರೆದು ತಿಳಿಸತಕ್ಕದ್ದು.

ನಾನು ಆ ಕಾಗದದ ಮುಂದೆ ಎಷ್ಟು ಹೊತ್ತು ನಿಂತೆನೆಂದರೆ ಕೂಸು ಎದ್ದು ಅಳತೊಡಗಿತು.

ಆಮೇಲೆ ವಿವರ ಕೇಳಿ ತಿಳಿದುಕೊಂಡೆ. ಇಂಗ್ಲೆಂಡಿನ 2003ರ ಲೈಸೆನ್ಸಿಂಗ್ ಕಾಯ್ದೆಯ ಪ್ರಕಾರ ಹೊಸ ಪರವಾನಗಿ ಕೇಳುವವರು 28 ದಿನ ಆ ನೀಲಿ ಕಾಗದವನ್ನು ಜನರ ಕಣ್ಣಿಗೆ ಕಾಣುವಂತೆ ಅಂಟಿಸಿರಬೇಕು. ಯಾರು ಬೇಕಾದರೂ ತಕರಾರು ಮಾಡಬಹುದು. ನಾಲ್ಕು ವಿಷಯ ಮುಖ್ಯ: ಅಪರಾಧ, ಗಲಾಟೆ ಆಗಬಾರದು; ಜನರ ಜೀವಕ್ಕೆ ಅಪಾಯವಾಗಬಾರದು; ನೆರೆಹೊರೆಗೆ ಉಪದ್ರವವಾಗಬಾರದು; ಮಕ್ಕಳಿಗೆ ಕೇಡಾಗಬಾರದು. ತಕ್ಕ ತಕರಾರು ಬಂದರೆ ನಗರಸಭೆಯ ಸಮಿತಿ ಎಲ್ಲರನ್ನೂ ಕೂರಿಸಿ ವಿಚಾರಣೆ ಮಾಡುತ್ತದೆ. ಪರವಾನಗಿ ಕೊಟ್ಟಾದ ಮೇಲೂ ತೊಂದರೆಯಾದರೆ ಮರುವಿಚಾರಣೆ ಕೇಳಬಹುದು. ಆಗಲೇ ಅಮಲೇರಿದವನಿಗೆ ಗೊತ್ತಿದ್ದೂ ಮತ್ತೆ ಮದ್ಯ ಕೊಟ್ಟರೆ ಕೊಟ್ಟವನದು ಅಪರಾಧ. ಎಲ್ಲ ಕಡೆಯೂ ಇದು ಚಾಚೂ ತಪ್ಪದೆ ನಡೆಯುತ್ತದೆಂದು ನಾನು ಹೇಳುವುದಿಲ್ಲ. ಆದರೆ ಕಾಗದವಿದೆ. ಕೇಳುವ ಕಿವಿಯೊಂದು ಇದೆ. ‘ನನ್ನ ಮನೆಯ ಪಕ್ಕದಲ್ಲಿ ಇದು ಬೇಡ’ ಎನ್ನುವ ಹೆಂಗಸಿಗೆ ಒಂದು ಕುರ್ಚಿ ಇದೆ.

ಇದೇ ನನ್ನ ವಾದ, ತಾಯಂದಿರೇ. ಪಬ್ಬಿನ ಸಭ್ಯತೆ ರಕ್ತದ ಗುಣವಲ್ಲ. ‘ಬೇಡ’ ಎನ್ನುವವರ ಮಾತಿಗೆ ಬೆಲೆ ಇರುವ ಕಡೆ ‘ಬೇಕು’ ಎನ್ನುವವನೂ ಮರ್ಯಾದೆ ಕಲಿಯುತ್ತಾನೆ. ಅಷ್ಟೇ.

ಈಗ ನಮ್ಮ ಕಡೆಗೆ ಬನ್ನಿ.

ನಾನು ಚಿಕ್ಕವಳಿದ್ದಾಗ ನಮ್ಮ ಸೀಮೆಯಲ್ಲಿ ಸೇಂದಿ ಇತ್ತು. ಹಳ್ಳದ ದಂಡೆಯ ಈಚಲ ಮರಕ್ಕೆ ಗಡಿಗೆ ಕಟ್ಟಿ ಇಳಿಸುತ್ತಿದ್ದರು. ಹೊತ್ತು ಹುಟ್ಟುವ ಮೊದಲು ಸಿಹಿ, ಮಧ್ಯಾಹ್ನಕ್ಕೆ ಹುಳಿ, ಸಂಜೆಗೆ ಅಮಲು. ಯೋಚಿಸಿ ನೋಡಿದರೆ ನಮ್ಮ ಸೇಂದಿಯೂ ಒಂದು ‘ರಿಯಲ್ ಏಲ್’ ಅಲ್ಲವೇ? ಅದೂ ತನ್ನಷ್ಟಕ್ಕೆ ಹುದುಗುವ ಜೀವಂತ ಪಾನೀಯ, ಅದೂ ದಿನ ಕಳೆದರೆ ಕೆಡುವಂಥದು. ನಮ್ಮ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೂ ಇದ್ದ. ಹೆಂಡ ಮಾರುವ ಕಾಯಕದವನೆಂದು ಅವನನ್ನು ಯಾರೂ ದೂರವಿಡಲಿಲ್ಲ, ಅವನ ವಚನಗಳು ಇಂದಿಗೂ ಉಳಿದಿವೆ. ಹಾಗಾಗಿ ಸೇಂದಿ ಇಳಿಸುವವನನ್ನಾಗಲಿ, ದುಡಿದು ದಣಿದು ಒಂದು ಗುಟುಕು ಕುಡಿಯುವವನನ್ನಾಗಲಿ ಹೀಗಳೆಯಲು ನಾನು ಹೊರಟಿಲ್ಲ.

ಆದರೆ ಆ ಸೇಂದಿಗೆ ಏನಾಯಿತು? ನಿಜಾಮನ ಕಾಲದಿಂದಲೂ ನಮ್ಮ ಭಾಗದಲ್ಲಿ ಅಬಕಾರಿಯೆಂದರೆ ಖಜಾನೆಯ ಹುಂಡಿ. ಮರ ಕಡಿಮೆಯಾದವು, ಕುಡಿಯುವವರು ಹೆಚ್ಚಾದರು, ಬಂದದ್ದು ಸಿ.ಎಚ್. ಪೌಡರ್. ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಬರಿಸುವ ರಾಸಾಯನಿಕ. ನೀರಿಗೆ ಅದನ್ನು ಕಲಸಿ, ಒಂದಿಷ್ಟು ಸಕ್ಕರೆ ಹಾಕಿ ಸೇಂದಿಯೆಂದು ಮಾರುವ ದಂಧೆ ರಾಯಚೂರು ಜಿಲ್ಲೆಯವರಿಗೆ ಹೊಸದಲ್ಲ. ಅದಕ್ಕೆ ಒಗ್ಗಿಕೊಂಡ ಮನುಷ್ಯನಿಗೆ ಒಂದು ದಿನ ತಪ್ಪಿದರೆ ಕೈಕಾಲು ನಡುಗುತ್ತವೆ, ಭ್ರಮೆ ಹಿಡಿಯುತ್ತದೆ. ಬಿಯರಿನ ರುಚಿ ಕೆಟ್ಟಿತೆಂದು ಇಂಗ್ಲೆಂಡಿನವರು ದೇಶವ್ಯಾಪಿ ಚಳವಳಿ ಕಟ್ಟಿದರು. ನಮ್ಮ ಗಂಡಸರ ಗ್ಲಾಸಿಗೆ ವಿಷ ಬಿತ್ತು, ಅವರು ಗ್ಲಾಸು ಎತ್ತಿ ಕುಡಿದರು. ಬೀದಿಗೆ ಇಳಿದವರು ಮಾತ್ರ ಅವರ ಹೆಂಡಂದಿರು.

ಆಮೇಲೆ ಪ್ಯಾಕೆಟ್ ಸಾರಾಯಿ ಬಂತು. 2007ರ ಜುಲೈ 1ರಿಂದ ಸರಕಾರ ಸಾರಾಯಿ ನಿಷೇಧಿಸಿತು. ನಾವು ಹೆಂಗಸರು ನಿಟ್ಟುಸಿರು ಬಿಟ್ಟೆವು, ಇನ್ನೇನು ಉಗಾದಿ ಬಂತೆಂದು. ಬಂದದ್ದು ‘ನೈಂಟಿ’. ತೊಂಬತ್ತು ಮಿಲಿಲೀಟರಿನ ಅಗ್ಗದ ವಿಸ್ಕಿ, ರಟ್ಟಿನ ಡಬ್ಬಿಯಲ್ಲಿ. ಮಕ್ಕಳು ಮಾವಿನ ರಸ ಕುಡಿಯುವಂಥದೇ ಡಬ್ಬಿ. ಪರವಾನಗಿ ಇರುವ ಅಂಗಡಿ ಪಟ್ಟಣದಲ್ಲಿ. ಆದರೆ ಮಾಲು ಮಾತ್ರ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಪಾನ್ ಡಬ್ಬಿಯಲ್ಲಿ, ಚಹಾದ ಹೋಟೆಲಿನ ಹಿಂದೆ, ಬೆಳಗಿನ ಆರು ಗಂಟೆಗೆ! ದೇವಸ್ಥಾನದಿಂದ, ಶಾಲೆಯಿಂದ ಮದ್ಯದಂಗಡಿ ನೂರು ಮೀಟರ್ ದೂರವಿರಬೇಕೆಂದು ನಮ್ಮಲ್ಲೂ ನಿಯಮವುಂಟು. ಪರವಾನಗಿಯೇ ಇಲ್ಲದ ಅಂಗಡಿಗೆ ಯಾವ ಟೇಪಿನಿಂದ ಅಳೆಯುತ್ತೀರಿ?

ನನ್ನ ಬಳಗದ ಒಬ್ಬ ಹೆಣ್ಣುಮಗಳ ಸಂಗತಿ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಸುಗ್ಗಿಗೆ ಎರಡು ಚೀಲ ಜೋಳ ಕೂಡಿಟ್ಟಿದ್ದಳು. ಒಂದು ದಿನ ಹೊಲದಿಂದ ಬಂದು ನೋಡಿದರೆ ಒಂದು ಚೀಲ ಇಲ್ಲ. ಗಂಡ ಕಿರಾಣಿ ಅಂಗಡಿಗೆ ಹೊತ್ತು ಹಾಕಿದ್ದ. ಅದೇ ಅಂಗಡಿಯಿಂದ ಅವಳು ಮರುದಿನ ಜೋಳ ಉದ್ರಿ ತಂದಳು. ತನ್ನದೇ ಜೋಳ! ಆ ವರ್ಷ ಮಕ್ಕಳನ್ನು ಶಾಲೆ ಬಿಡಿಸಿ ಬೆಂಗಳೂರಿಗೆ ಗುಳೆ ಹೋದರು. ಹೋಗುವ ಮೊದಲು ಅವಳೂ ಇನ್ನೂ ಹತ್ತಿಪ್ಪತ್ತು ಹೆಂಗಸರೂ ಸೇರಿ ಒಂದು ಅರ್ಜಿ ಬರೆಸಿದರು. ಬರೆದುಕೊಟ್ಟವಳು ನಾನೇ. ಸಂಬಂಧಪಟ್ಟ ಕಚೇರಿಗೆ ನಾನೂ ಅವರ ಜೊತೆ ಹೋದೆ. ಅಲ್ಲಿದ್ದವರು ಅರ್ಜಿಯನ್ನು ಓದದೆ ಮಡಚಿಟ್ಟು, “ಅಕ್ಕೋರೆ, ನಿಮ್ಮ ನಿಮ್ಮ ಗಂಡಂದಿರಿಗೆ ಬುದ್ಧಿ ಹೇಳ್ರಿ. ಅವರು ಕುಡಿಯೋದು ಬಿಟ್ಟರ ಅಂಗಡಿ ತಾನ ಬಂದ್ ಆಗ್ತದ” ಎಂದರು. ಮುಂದಿನ ಮಾತು ಕೇಳಿ: ನಾವು ಊರಿಗೆ ಮರಳುವಷ್ಟರಲ್ಲಿ ಅರ್ಜಿಗೆ ಹೆಬ್ಬೆಟ್ಟು ಒತ್ತಿದವರ ಹೆಸರು ಅಂಗಡಿಯವನಿಗೆ ಗೊತ್ತಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ಆ ಲೂಯಿಸ್ ಊರಿನಲ್ಲಿ ಇನ್ನೊಬ್ಬನ ನೆನಪನ್ನು ಕಾಪಾಡಿಕೊಂಡಿದ್ದಾರೆ. ಟಾಮ್ ಪೇನ್. ‘ಮನುಷ್ಯನ ಹಕ್ಕುಗಳು’ ಎಂಬ ಗ್ರಂಥ ಬರೆದು ದೊರೆಗಳ ನಿದ್ದೆ ಕೆಡಿಸಿದವನು. ಅವನು 1768ರಿಂದ 1774ರವರೆಗೆ ಅಲ್ಲಿ ಏನಾಗಿದ್ದ ಗೊತ್ತೇ? ಅಬಕಾರಿ ಅಧಿಕಾರಿ! ಕೊಡುವ ಸಂಬಳ ಹೊಟ್ಟೆಗೆ ಸಾಲದಿದ್ದರೆ ಅಬಕಾರಿಯವರು ಭ್ರಷ್ಟರಾಗದೆ ಇನ್ನೇನಾಗುತ್ತಾರೆ ಎಂದು 1772ರಲ್ಲಿ ತನ್ನ ಇಲಾಖೆಯ ಪರವಾಗಿಯೇ ಒಂದು ಕಿರುಹೊತ್ತಿಗೆ ಬರೆದ. ಎರಡು ವರ್ಷದಲ್ಲಿ ಕೆಲಸ ಕಳೆದುಕೊಂಡ. ಎರಡೂವರೆ ಶತಮಾನದ ಹಿಂದೆ ಒಬ್ಬ ಅಬಕಾರಿಯವನಿಗೆ ಹೊಳೆದ ಸತ್ಯ ನಮ್ಮ ವಿಧಾನಸೌಧಕ್ಕೆ ಹೊಳೆಯಲಿಲ್ಲವೆನ್ನಬೇಡಿ. ಚೆನ್ನಾಗಿ ಹೊಳೆದಿದೆ. 2023-24ರಲ್ಲಿ ಕರ್ನಾಟಕಕ್ಕೆ ಅಬಕಾರಿಯಿಂದ ಬಂದ ಆದಾಯ 34 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅದೇ 2023ರ ಆಗಸ್ಟಿನಲ್ಲಿ ಮನೆಯೊಡತಿಯರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಒಳ್ಳೆಯದೇ, ಆ ಹಣದಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಹೆಂಡತಿಯ ಕೈಗೆ ಕೊಟ್ಟದ್ದನ್ನು ಗಂಡನ ಕಿಸೆಯಿಂದ ಎಳೆದುಕೊಳ್ಳುವ ಲೆಕ್ಕ ನಮಗೆ ತಿಳಿಯುವುದಿಲ್ಲವೆಂದು ಯಾರೂ ಭಾವಿಸಬಾರದು. ಸಂತೆಯ ಲೆಕ್ಕ ಬರುವ ಹೆಂಗಸಿಗೆ ಸರಕಾರದ ಲೆಕ್ಕ ಬಾರದೇ?

ಇನ್ನು ನಮ್ಮ ಸಂಸ್ಕೃತಿ ರಕ್ಷಕರ ಮಾತು. 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿಗೆ ನುಗ್ಗಿ, ಅಲ್ಲಿದ್ದ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳೆಲ್ಲ ಕೋರ್ಟಿನಿಂದ ಬಿಡುಗಡೆಯಾದರು. ತನ್ನ ದುಡ್ಡಿನಲ್ಲಿ ಹಗಲು ಹೊತ್ತಿನಲ್ಲಿ ಗೆಳತಿಯರೊಡನೆ ಕುಳಿತ ಹುಡುಗಿಯಿಂದ ಕೆಡುವ ಸಂಸ್ಕೃತಿ, ಹೆಂಡತಿಯ ಜೋಳದ ಚೀಲ ಮಾರಿ ಕುಡಿದು ಬಂದು ಅವಳನ್ನೇ ಒದೆಯುವ ಗಂಡನಿಂದ ಕೆಡುವುದಿಲ್ಲವೇ? ಯಾವ ಸೇನೆ ಯಾವ ಕಿರಾಣಿ ಅಂಗಡಿಗೆ ನುಗ್ಗಿತು? ನುಗ್ಗಲಿ ಎಂದು ನಾನು ಹೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟೇ: ಇವರ ಕಣ್ಣು ಹೆಂಗಸಿನ ಕೈಯ ಗ್ಲಾಸಿನ ಮೇಲೇ ಯಾಕೆ ಬೀಳುತ್ತದೆ? ಪಂಕ್ತಿಯಲ್ಲಿ ಕೂತು ಇಂಗ್ಲೆಂಡನ್ನು ಹೊಗಳುವವರೂ, ಮಂಗಳೂರಿನಲ್ಲಿ ಹುಡುಗಿಯರನ್ನು ಹೊಡೆದವರೂ ಮೇಲ್ನೋಟಕ್ಕೆ ಎದುರಾಳಿಗಳು. ಒಳಗೆ ಇಬ್ಬರೂ ಒಂದೇ. ಇಬ್ಬರೂ ಕುಡಿತವನ್ನು ‘ಸಂಸ್ಕೃತಿ’ಯ ವಿಷಯ ಮಾಡಿ, ಕಾನೂನಿನ ವಿಷಯವನ್ನು ಸದ್ದಿಲ್ಲದೆ ಚಾಪೆಯ ಕೆಳಗೆ ತಳ್ಳಿಬಿಡುತ್ತಾರೆ.

ನಮ್ಮ ಹೆಂಗಸರು ಆ ಚಾಪೆ ಎತ್ತಿ ತೋರಿಸಿದರು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟು 30ರಂದು ಬೆಂಗಳೂರು ಮುಟ್ಟಿದ ಪಾದಯಾತ್ರೆಯನ್ನು ನೆನಪಿಸಿಕೊಳ್ಳಿ. ಸುಮಾರು ಇನ್ನೂರು ಕಿಲೋಮೀಟರು. ಸಾವಿರಾರು ಹೆಂಗಸರು, ಅವರಲ್ಲಿ ನಮ್ಮ ರಾಯಚೂರು ಜಿಲ್ಲೆಯವರು ಬಹಳ ಮಂದಿ. ಹೆಗಲಿಗೆ ರೊಟ್ಟಿಯ ಗಂಟು, ಕಾಲಿಗೆ ಹವಾಯಿ ಚಪ್ಪಲಿ, ಅಂಗಾಲಿಗೆ ಬೊಬ್ಬೆ. ದಾರಿಯಲ್ಲಿ ನಮ್ಮ ಜಿಲ್ಲೆಯ ಒಬ್ಬ ತಾಯಿ ಬೈಕು ಬಡಿದು ಸತ್ತಳು. ಉಳಿದವರು ಕಣ್ಣೊರೆಸಿಕೊಂಡು ಮುಂದೆ ನಡೆದರು. ಅವರು ಕೇಳಿದ್ದು ಪೂರ್ಣ ಮದ್ಯ ನಿಷೇಧ. ಲೂಯಿಸ್‌ನವರು ಬಿಯರಿಗಾಗಿ 133 ದಿನ ನಿಂತು ಗೆದ್ದರು. ಜೀವ ತೆತ್ತು ಬೆಂಗಳೂರು ಮುಟ್ಟಿದ ನಮ್ಮವರಿಗೆ ಸಿಕ್ಕಿದ್ದು ಭರವಸೆ.

ನನ್ನ ಬೇಡಿಕೆ ಅವರದಕ್ಕಿಂತ ಸಣ್ಣದು, ಹೇಳಿಬಿಡುತ್ತೇನೆ. ಪೂರ್ಣ ನಿಷೇಧದ ಮೇಲೆ ನನಗೆ ಪೂರ್ಣ ನಂಬಿಕೆ ಇಲ್ಲ. ನೆರೆಯ ಆಂಧ್ರದಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು 1992ರಲ್ಲಿ ಹೊತ್ತಿಸಿದ ಕಿಡಿಯಿಂದ 1995ರಲ್ಲಿ ಅಲ್ಲಿ ನಿಷೇಧವೇ ಬಂತು. 1997ರಲ್ಲಿ ಸರಕಾರವೇ ಅದನ್ನು ಸಡಿಲಿಸಿತು. ಸರಕಾರ ಕೊಟ್ಟದ್ದನ್ನು ಸರಕಾರ ಕಿತ್ತುಕೊಳ್ಳಬಲ್ಲದು. ಅದಕ್ಕೇ ನಾನು ಕೇಳುವುದು ನಿಷೇಧವನ್ನಲ್ಲ, ನಿಷೇಧಿಸುವ ಹಕ್ಕನ್ನು. ನನ್ನ ಊರಿನಲ್ಲಿ ಬೇಕೋ ಬೇಡವೋ ಎಂಬುದನ್ನು ನನ್ನ ಊರಿನ ಹೆಂಗಸರು ಹೇಳಲಿ.

ಇದು ಆಗದ ಹೋಗದ ಮಾತೇ? ಪಕ್ಕದ ಮಹಾರಾಷ್ಟ್ರದಲ್ಲಿ ಇದೆ. ಅಲ್ಲಿ ಕಾಲುಭಾಗ ಮಹಿಳಾ ಮತದಾರರು ಸಹಿ ಹಾಕಿ ಕೇಳಿದರೆ ಮತದಾನ ನಡೆಸುತ್ತಾರೆ. ಚೀಟಿಯ ಮೇಲೆ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಅಕ್ಷರ ಬಾರದವಳಿಗೂ ಅರ್ಥವಾಗುವಂಥದು. ಅರ್ಧಕ್ಕಿಂತ ಹೆಚ್ಚು ಹೆಂಗಸರು ಮಲಗಿದ ಬಾಟಲಿಗೆ ಮುದ್ರೆ ಒತ್ತಿದರೆ ಅಂಗಡಿ ಮಲಗುತ್ತದೆ. ಇಂಗ್ಲೆಂಡಿಗೆ ಅಂಟಿಕೊಂಡ ವೇಲ್ಸ್‌ನಲ್ಲಿ ಭಾನುವಾರ ಪಬ್ಬು ತೆರೆಯಬೇಕೋ ಬೇಡವೋ ಎಂದು 1961ರಿಂದ ಏಳು ವರ್ಷಕ್ಕೊಮ್ಮೆ ಸೀಮೆ ಸೀಮೆಯಲ್ಲೂ ಮತ ಹಾಕುತ್ತಿದ್ದರು. 1996ರವರೆಗೂ ‘ಬೇಡ’ ಎಂದೇ ಹಟ ಹಿಡಿದ ಸೀಮೆಯೂ ಇತ್ತು. ನಮ್ಮ ದೇಶದ 1996ರ ಪೆಸಾ ಕಾಯ್ದೆ ಅನುಸೂಚಿತ ಪ್ರದೇಶಗಳ ಗ್ರಾಮಸಭೆಗೆ ಮದ್ಯ ತಡೆಯುವ ಅಧಿಕಾರ ಕೊಡಬೇಕೆನ್ನುತ್ತದೆ. ಆದರೆ ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೇ ಇಲ್ಲ. ಇಲ್ಲದಿದ್ದರೇನು, ನಮ್ಮ ವಿಧಾನಸಭೆಗೆ ತನ್ನದೇ ಕಾಯ್ದೆ ಮಾಡುವ ಕೈ ಇಲ್ಲವೇ? 1965ರ ನಮ್ಮ ಅಬಕಾರಿ ಕಾಯ್ದೆಗೆ ನಾಲ್ಕು ಸಾಲು ಸೇರಿಸಲು ಎಷ್ಟು ಮಸಿ ಬೇಕು?

ಪಟ್ಟಣದಲ್ಲಿ ಕುಳಿತು ಇದನ್ನು ಓದುತ್ತಿರುವ ಗೆಳತಿಯರೇ, ‘ಇದು ಹಳ್ಳಿಯ ಕೂಲಿ ಹೆಂಗಸರ ಪಾಡು’ ಎಂದು ಪುಟ ಮಗುಚಬೇಡಿ. ನಿಮ್ಮ ಬಡಾವಣೆಯಲ್ಲಿ ಮಕ್ಕಳು ಟ್ಯೂಷನ್ನಿಗೆ ಹೋಗುವ ದಾರಿಯಲ್ಲಿ ರಾತ್ರೋರಾತ್ರಿ ಬಾರಿನ ಬೋರ್ಡು ಏಳುತ್ತದಲ್ಲ, ಅದನ್ನು ನಿಮ್ಮನ್ನು ಕೇಳಿ ಹಾಕಿದರೇ? ನಿಮ್ಮ ಬಾಗಿಲಿಗೆ, ಬೀದಿ ಕಂಬಕ್ಕೆ ಯಾವ ಬಣ್ಣದ ಕಾಗದ ಅಂಟಿಸಿದ್ದರು? ನಿಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವವಳು ಸೋಮವಾರ ತಡವಾಗಿ ಬಂದರೆ ಅವಳ ಮುಖ ನೋಡಿ. ಸೆರಗು ಕೆನ್ನೆಗೆ ಒತ್ತಿ ಹಿಡಿದಿದ್ದರೆ ಸಂಬಳ ಮುರಿಯುವ ಮೊದಲು ಒಂದು ಲೋಟ ಚಹಾ ಕೊಡಿ. ಆಮೇಲೆ ಅವಳ ಅರ್ಜಿ ಬರೆದುಕೊಡಿ. ನಿಮ್ಮ ಸಹಿಯನ್ನೂ ಅದರ ಕೆಳಗೆ ಹಾಕಿ. ಅವಳೊಬ್ಬಳ ಹೆಬ್ಬೆಟ್ಟಿದ್ದರೆ ಅಂಗಡಿಯವನಿಗೆ ಸುದ್ದಿ ಹೋಗುತ್ತದೆ. ಇಡೀ ಓಣಿಯ ಸಹಿ ಇದ್ದರೆ ಕಚೇರಿಯವನೂ ಎದ್ದು ನಿಲ್ಲುತ್ತಾನೆ.

ನನ್ನ ಮೊಮ್ಮಗಳಿಗೆ ಈಗ ಶಾಲೆಗೆ ಹೋಗುವ ವಯಸ್ಸು. ಅಂದು ಆ ನೀಲಿ ಕಾಗದದ ಮುಂದೆ ತಳ್ಳುಗಾಡಿಯಲ್ಲಿ ಅತ್ತ ಕೂಸು ಅದೇ. ಮುಂದೊಂದು ದಿನ ಅವಳು ತನ್ನ ಊರಿನ ಪಬ್ಬಿಗೆ ಹೋದಾಳು, ಹೋಗದೆಯೂ ಇದ್ದಾಳು. ಅದು ಅವಳ ಖುಷಿ. ಅವಳು ಗೂಗಲ್ಲಿಗೆ ಬಂದಾಗ ಮಾತ್ರ ನನಗೆ ನಾಚಿಕೆಯಾಗಬಾರದು. ಕೃಷ್ಣೆಯನ್ನು ತೋರಿಸುತ್ತೇನೆ, ಪ್ರಭುವಿನ ಗುಡಿ ತೋರಿಸುತ್ತೇನೆ. ಅವಳ ಓರಗೆಯ ಹುಡುಗಿಯರನ್ನು ಅವರವ್ವಂದಿರು ಗುಳೆಗೆ ಎಬ್ಬಿಸಿಕೊಂಡು ಹೋಗುವುದನ್ನು ಯಾವ ಮುಖ ಹೊತ್ತು ತೋರಿಸಲಿ?

ಇನ್ನೊಂದು ಮದುವೆಯಲ್ಲಿ ಆ ದೊಡ್ಡ ಮನುಷ್ಯರು ಪಂಕ್ತಿಗೆ ಕೂತರೆ ಈ ಸಲ ಸುಮ್ಮನಿರುವುದಿಲ್ಲ. ಹೋಳಿಗೆಯ ಮೇಲೆ ತುಪ್ಪ ಹಾಕುತ್ತಲೇ ಕೇಳುತ್ತೇನೆ: “ಅಲ್ಲಿ ಪಬ್ಬು ನೋಡಿ ಬಂದೀರಲ್ಲ, ಬಾಗಿಲ ಮ್ಯಾಲಿನ ನೀಲಿ ಕಾಗದ ಓದಿದ್ರೇನ್ರೀ?”